ಎಪ್ಪತ್ತಾಯಿತು ಅಂತ ನಮ್ಮನ್ನು ಮನೆಗೆ ಕಳಿಸುವ ಮುನ್ನ

ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಆಸ್ಪತ್ರೆ, ಶಾಲೆ, ಗ್ರಂಥಾಲಯ ಮತ್ತು ಸೇವಾಸಂಸ್ಥೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನನಗೆ ಈಗ 71 ವರ್ಷ. ಕೆಲಸದಲ್ಲಿದ್ದಷ್ಟು ದಿನ ಲೆಕ್ಕಪತ್ರ ವಿಭಾಗದಲ್ಲಿದ್ದೆ. ನಿವೃತ್ತಿಯಾದ ಮೇಲೆ ನಾಲ್ಕು ವರ್ಷ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿದ್ದೆ. ಹೋದ ವರ್ಷ ಅಲ್ಲಿಂದ ನನ್ನನ್ನು ಮನೆಗೆ ಕಳಿಸಿದರು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಅವರೊಬ್ಬರ ತಪ್ಪಿನಂತೆ ಕಾಣುತ್ತದೆ. ನನ್ನ ವಯಸ್ಸಿನ ಗೆಳತಿಯರನ್ನು ಕೇಳಿದಾಗ ಗೊತ್ತಾಯಿತು, ಬೇರೆ ಕಡೆಗಳಲ್ಲೂ ಇದೇ ಕಥೆ. ಅದಕ್ಕೇ ಈ ಪತ್ರವನ್ನು ಒಬ್ಬರಿಗೆ ಬರೆಯದೆ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ನಿವೃತ್ತಿಯ ನಂತರದ ಆ ಮೊದಲ ವರ್ಷದ ಮಾತು ಹೇಳಬೇಕು. ಶುರುವಿನಲ್ಲಿ ಖುಷಿಯೇ ಇತ್ತು. ತಡವಾಗಿ ಏಳಬಹುದು, ಯಾರಿಗೂ ಉತ್ತರ ಕೊಡಬೇಕಿಲ್ಲ. ಒಂದೆರಡು ತಿಂಗಳಲ್ಲಿ ಫೋನ್ ಬರುವುದು ನಿಂತಿತು. ನನ್ನನ್ನು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದವರೆಲ್ಲ ಕೆಲಸಕ್ಕಾಗಿ ಕರೆಯುತ್ತಿದ್ದರು ಅನ್ನುವುದು ಆಗ ತಿಳಿಯಿತು. ಅದರಲ್ಲಿ ಅವರ ತಪ್ಪೇನಿಲ್ಲ ಬಿಡಿ. ಆದರೆ ಇವತ್ತು ಯಾವ ವಾರ ಎಂದು ಮಾತ್ರೆ ಡಬ್ಬಿಯ ಮುಚ್ಚಳ ನೋಡಿ ತಿಳಿದುಕೊಳ್ಳುವ ಸ್ಥಿತಿ ಬಂತು. ನಿದ್ದೆ ಕೆಟ್ಟಿತು. ಸಣ್ಣಪುಟ್ಟದಕ್ಕೆ ಯಜಮಾನರ ಮೇಲೆ ರೇಗುವುದು ಜಾಸ್ತಿಯಾಯಿತು. ಮೈಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ನಾನು ಏಳದೆ ಮಲಗಿದ್ದರೂ ಯಾರ ಯಾವ ಕೆಲಸವೂ ನಿಲ್ಲುವುದಿಲ್ಲ ಅನ್ನುವುದೇ ನನ್ನ ಕಾಯಿಲೆಯಾಗಿತ್ತು.

ಆಸ್ಪತ್ರೆಗೆ ಸೇರಿದ್ದು ಯಜಮಾನರ ಒತ್ತಾಯಕ್ಕೆ. ವಾರಕ್ಕೆ ಎರಡು ಬೆಳಿಗ್ಗೆ ನಾನು ಮನೆಯಲ್ಲಿ ಇಲ್ಲದಿದ್ದರೆ ತಮಗೂ ಒಳ್ಳೆಯದು ಅಂದರು. ತಮಾಷೆಗೆ ಅಂದದ್ದು ಅಂತ ನಾನು ಈಗಲೂ ನಂಬಿದ್ದೇನೆ.

ಕೆಲಸ ದೊಡ್ಡದೇನಲ್ಲ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಮುಖ್ಯ ಬಾಗಿಲಿನ ಹತ್ತಿರ ಇರಬೇಕು. ಎಕ್ಸ್‌ರೇ ಎಲ್ಲಿ, ರಕ್ತ ಪರೀಕ್ಷೆ ಎಲ್ಲಿ, ಯಾವ ಲಿಫ್ಟ್ ಹತ್ತಬೇಕು ಎಂದು ಹೇಳಬೇಕು. ಕನ್ನಡಕ ಮರೆತು ಬಂದವರಿಗೆ ಫಾರ್ಮ್ ಓದಿ ಹೇಳಬೇಕು. ಜೊತೆಗೆ ಬಂದವರು ದುಡ್ಡು ಕಟ್ಟಲು ಹೋದಾಗ ರೋಗಿಯ ಪಕ್ಕ ಕೂತಿರಬೇಕು. ಇಷ್ಟೇ. ಆದರೆ ಸ್ವಲ್ಪ ದಿನದಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಕೌಂಟರಿನ ಹಿಂದೆ ಕೂತವರನ್ನು ಕೇಳಲು ಹೆದರುವವರು ನಮ್ಮ ಹತ್ತಿರ ಬರುತ್ತಾರೆ. ಒಂದು ದಿನ ಒಬ್ಬರು ಹಿರಿಯರು ಒಂದೇ ಪ್ರಶ್ನೆಯನ್ನು ನನಗೆ ಮೂರು ಸಲ ಕೇಳಿದರು. ಮೂರು ಸಲವೂ ಹೇಳಿದೆ. ಸಿಬ್ಬಂದಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ನನಗೆ ಇದ್ದದ್ದೇ ಪುರುಸೊತ್ತು. ಅದೇ ಅಲ್ಲಿ ಕೆಲಸಕ್ಕೆ ಬಂತು.

ವಾರದಲ್ಲಿ ಎರಡು ದಿನಗಳಿಗೆ ಮತ್ತೆ ಹೆಸರು ಬಂತು. ಹಿಂದಿನ ರಾತ್ರಿ ಸೀರೆ ಇಸ್ತ್ರಿ ಮಾಡಿ ಇಡುವುದು, ಗಡಿಯಾರ ನೋಡಿ ಹೊರಡುವುದು, ತಡವಾದರೆ ಬೇಜಾರಾಗುವುದು, ಎಲ್ಲವೂ ವಾಪಸ್ ಬಂತು. ನಿದ್ದೆಯೂ.

ಆಮೇಲೆ ಆ ಇಮೇಲ್ ಬಂತು. ಮೂರೇ ಸಾಲು. ಹೊಸ ನಿಯಮದ ಪ್ರಕಾರ 70 ದಾಟಿದವರ ಸೇವೆಯನ್ನು ಮುಂದುವರಿಸಲಾಗುವುದಿಲ್ಲ. ತಮ್ಮ ಸೇವೆಗೆ ಧನ್ಯವಾದಗಳು. ಬ್ಯಾಡ್ಜನ್ನು ಭದ್ರತಾ ಸಿಬ್ಬಂದಿಗೆ ಒಪ್ಪಿಸತಕ್ಕದ್ದು.

ಕೇಳೋಣವೆಂದು ಹೋದೆ. ಸ್ವಯಂಸೇವಕರನ್ನು ನೋಡಿಕೊಳ್ಳುವ ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದಲೇ ಮಾತಾಡಿದರು. ವಿಮೆಯ ತೊಂದರೆ ಇದೆ ಅಂದರು. ಯಾವ ವಿಮೆ, ಏನು ತೊಂದರೆ ಎಂದರೆ ಅವರಿಗೂ ಗೊತ್ತಿರಲಿಲ್ಲ. ಕೊನೆಗೆ, "ನಿಮ್ಮ ಒಳ್ಳೆಯದಕ್ಕೇ ಅಮ್ಮಾ, ಇನ್ನು ಆರಾಮಾಗಿ ವಿಶ್ರಾಂತಿ ತಗೊಳ್ಳಿ" ಅಂದರು.

ಮಾನ್ಯರೇ, ನಾಲ್ಕು ವರ್ಷದಲ್ಲಿ ನಾನು ಬಿದ್ದಿಲ್ಲ, ಯಾರನ್ನೂ ತಪ್ಪು ದಾರಿಗೆ ಕಳಿಸಿಲ್ಲ, ಹೇಳದೆ ಕೇಳದೆ ಒಂದು ದಿನವೂ ತಪ್ಪಿಸಿಲ್ಲ. ಅದನ್ನು ಯಾರೂ ನೋಡಲಿಲ್ಲ. ಜನ್ಮದಿನಾಂಕ ಒಂದನ್ನು ಮಾತ್ರ ನೋಡಿದರು. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ನನಗಿಂತ ಹಿರಿಯ ವೈದ್ಯರೊಬ್ಬರು ಈಗಲೂ ರೋಗಿಗಳನ್ನು ನೋಡುತ್ತಾರೆ. ಅವರ ಕೈಗೆ ರೋಗಿಯನ್ನು ಒಪ್ಪಿಸಲು ವಯಸ್ಸು ಅಡ್ಡಿಯಲ್ಲ. ಅವರ ಕೋಣೆ ಎಲ್ಲಿದೆ ಎಂದು ತೋರಿಸಲು ಮಾತ್ರ ನನಗೆ ವಯಸ್ಸಾಯಿತು!

ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ ಅನ್ನುವ ಮಾತನ್ನು ನಮ್ಮ ವಯಸ್ಸಿನವರು ನಗುತ್ತಲೇ ಹೇಳಿಕೊಳ್ಳುತ್ತೇವೆ. ಅದನ್ನೇ ಕಚೇರಿಯ ಇಮೇಲ್‌ನಲ್ಲಿ ಓದುವಾಗ ನಗು ಬರುವುದಿಲ್ಲ.

ನನ್ನ ಬೇಜಾರು ಹೇಳಿಕೊಳ್ಳುವುದಕ್ಕೆ ಮಾತ್ರ ಬರೆದಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಮನೆಗೆ ಬಂದ ಮೇಲೆ ಸಿಟ್ಟಿನಲ್ಲಿ ಓದಲು ಕೂತೆ. ಲೆಕ್ಕದವಳಾದ್ದರಿಂದ ಅಂಕಿ ಕಂಡರೆ ಬಿಡುವುದಿಲ್ಲ. ಓದಿದ್ದರಲ್ಲಿ ನಿಮಗೆ ಉಪಯೋಗ ಆಗುವುದನ್ನು ಹೇಳುತ್ತೇನೆ.

2020ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು. 50 ದಾಟಿದ 12,998 ಜನರನ್ನು ನಾಲ್ಕು ವರ್ಷ ಗಮನಿಸಿದ್ದರು. ವರ್ಷಕ್ಕೆ 100 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಸ್ವಯಂಸೇವೆ ಮಾಡಿದವರಲ್ಲಿ, ಏನೂ ಮಾಡದವರಿಗೆ ಹೋಲಿಸಿದರೆ, ಆ ಅವಧಿಯಲ್ಲಿ ಸಾಯುವ ಅಪಾಯ ಶೇ. 44ರಷ್ಟು ಕಡಿಮೆ ಇತ್ತು. ನಡೆಯಲು, ಏಳಲು, ಕೂರಲು ಕಷ್ಟವಾಗುವ ಅಪಾಯ ಶೇ. 17ರಷ್ಟು ಕಡಿಮೆ. ಬದುಕಿಗೆ ಒಂದು ಗುರಿ ಇದೆ ಅನ್ನುವ ಭಾವನೆ ಜಾಸ್ತಿ, ಒಂಟಿತನ ಕಡಿಮೆ. 100 ಗಂಟೆ ಅಂದರೆ ವಾರಕ್ಕೆ ಎರಡು ಗಂಟೆ, ಅಷ್ಟೇ. ನನ್ನ ಮಂಗಳವಾರವೊಂದೇ ಅದಕ್ಕೆ ಸಾಕು.

ಆದರೆ ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ತಿರುಚಿದಂತೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಕ್ಯಾನ್ಸರ್ ಇಂಥವುಗಳಲ್ಲಿ ಅವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ವಯಂಸೇವೆ ಔಷಧಿಯಲ್ಲ. ಅದನ್ನು ಮಾಡಿದರೆ ಬಿಪಿ ಮಾತ್ರೆ ಬಿಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಅನುಮಾನ ನಿಮಗೂ ಬಂದಿರುತ್ತದೆ. ಗಟ್ಟಿಮುಟ್ಟಾಗಿ ಇರುವವರೇ ತಾನೇ ಸೇವೆಗೆ ಬರುವುದು? ಹಾಗಿದ್ದ ಮೇಲೆ ಅವರು ಹೆಚ್ಚು ದಿನ ಬದುಕಿದರೆ ಅದರಲ್ಲಿ ಸೇವೆಯ ಪಾಲೇನು? ಸರಿಯಾದ ಪ್ರಶ್ನೆ. 2013ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದವರಿಗೆ ಇದು ಸ್ಪಷ್ಟವಾಗಿಯೇ ಕಂಡಿತು. ಸುಮ್ನೆ ಹೋಲಿಸಿದಾಗ ಸಾವಿನ ಅಪಾಯ ಶೇ. 47ರಷ್ಟು ಕಡಿಮೆ ಕಾಣುತ್ತಿತ್ತು. ಮೊದಲಿನ ಆರೋಗ್ಯ, ವಯಸ್ಸು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಶೇ. 24ಕ್ಕೆ ಇಳಿಯಿತು. ಅಂದರೆ ಅರ್ಧದಷ್ಟು ನಿಮ್ಮ ಅನುಮಾನಕ್ಕೆ ಹೋಯಿತು. ಉಳಿದ ಅರ್ಧ ಏನು ಸಣ್ಣದೇ?

ಈ ಅನುಮಾನಕ್ಕೆ ಇನ್ನೂ ಗಟ್ಟಿಯಾದ ಉತ್ತರ ಬೇಕಾದರೆ ಅಮೆರಿಕದ ಬಾಲ್ಟಿಮೋರ್ ನಗರದ ಪ್ರಯೋಗ ನೋಡಬೇಕು. ಅಲ್ಲಿ ಎಕ್ಸ್‌ಪೀರಿಯೆನ್ಸ್ ಕೋರ್ ಅನ್ನುವ ಯೋಜನೆ ಇತ್ತು. ಅದನ್ನು ರೂಪಿಸಿದವರಲ್ಲಿ ವೃದ್ಧರ ಚಿಕಿತ್ಸೆಯ ತಜ್ಞೆ ಲಿಂಡಾ ಫ್ರೀಡ್ ಒಬ್ಬರು. 60 ದಾಟಿದವರು ವಾರಕ್ಕೆ 15 ಗಂಟೆ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗಿ ಚಿಕ್ಕ ಮಕ್ಕಳಿಗೆ ಓದಲು ಕಲಿಸುವುದು, ಗ್ರಂಥಾಲಯ ನೋಡಿಕೊಳ್ಳುವುದು ಮಾಡುತ್ತಿದ್ದರು. ಅಧ್ಯಯನಕ್ಕೆ 702 ಜನರನ್ನು ತೆಗೆದುಕೊಂಡರು. ಯಾರು ಶಾಲೆಗೆ ಹೋಗಬೇಕು, ಯಾರು ಹೋಗಬಾರದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಹಾಗೆ ಮಾಡಿದಾಗ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರುವ ಪ್ರಶ್ನೆ ಬರುವುದಿಲ್ಲ. ಎರಡು ವರ್ಷದ ನಂತರ ನೋಡಿದರೆ, ಶಾಲೆಗೆ ಹೋದ ಹೆಂಗಸರು ಹೋಗದವರಿಗಿಂತ ಹೆಚ್ಚು ನಡೆಯುತ್ತಿದ್ದರು. ಕೆಲವರ ಮಿದುಳಿನ ಚಿತ್ರವನ್ನೂ ತೆಗೆದಿದ್ದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗ ವಯಸ್ಸಾದ ಹಾಗೆ ಕುಗ್ಗುತ್ತದೆ. ಶಾಲೆಗೆ ಹೋಗದ ಗಂಡಸರಲ್ಲಿ ಅದು ಕುಗ್ಗಿತ್ತು, ಶಾಲೆಗೆ ಹೋದ ಗಂಡಸರಲ್ಲಿ ಕುಗ್ಗಿರಲಿಲ್ಲ.

ನನಗೆ ಮಿದುಳಿನ ಚಿತ್ರಕ್ಕಿಂತ ಆ ಯೋಜನೆ ನಡೆದ ರೀತಿ ಹೆಚ್ಚು ಹಿಡಿಸಿತು. ಹಿರಿಯರನ್ನು ಒಬ್ಬೊಬ್ಬರನ್ನಾಗಿ ಎಲ್ಲೆಲ್ಲೋ ಕೂರಿಸದೆ, ಒಂದು ಶಾಲೆಗೆ ಒಂದು ತಂಡ ಅಂತ ಕಳಿಸುತ್ತಿದ್ದರು. ಮೊದಲೇ ತರಬೇತಿ ಕೊಡುತ್ತಿದ್ದರು. ಹೋಗಿ ಬರುವ ಖರ್ಚಿಗೆ ಅಂತ ಸ್ವಲ್ಪ ಹಣವನ್ನೂ ಕೊಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಮಾಡುತ್ತಿದ್ದ ಕೆಲಸ ಶಾಲೆಗೆ ನಿಜವಾಗಿ ಬೇಕಾಗಿತ್ತು.

ಈ ಕೊನೆಯ ಮಾತನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಆಸ್ಪತ್ರೆಯಿಂದ ಹೊರಬಂದ ಮೇಲೆ ನಾನು ಒಂದು ಶಾಲೆಗೂ ಹೋಗಿದ್ದೆ. ಮಕ್ಕಳಿಗೆ ಓದಿ ಹೇಳಲು ಹಿರಿಯರು ಬೇಕು ಎಂದು ಪ್ರಕಟಣೆ ಕೊಟ್ಟಿದ್ದರು. ವಯಸ್ಸು ಕೇಳಲಿಲ್ಲ, ಸಂತೋಷವಾಯಿತು. ಮೊದಲ ದಿನ ಕಚೇರಿಯಲ್ಲಿ ಕೂರಿಸಿ ಉಪಚಾರ ಮಾಡಿದರು. ಎರಡನೇ ದಿನವೂ ಕೂರಿಸಿದರು. ಮೂರನೇ ವಾರ ಒಂದು ಕಾರ್ಯಕ್ರಮ ಇದೆ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ ಅಂದರು. ಫೋಟೋ ತೆಗೆದರು. ಪ್ರಶಸ್ತಿಪತ್ರ ಕೊಟ್ಟರು. ಅಷ್ಟು ದಿನದಲ್ಲಿ ಒಂದು ಮಗುವಿಗೂ ಒಂದು ಪುಟ ಓದಿ ಹೇಳಿರಲಿಲ್ಲ. ಯಾವ ಸೇವೆಗೆ ಆ ಪ್ರಶಸ್ತಿಪತ್ರ, ನೀವೇ ಹೇಳಿ. ಅವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಿರಿಯರನ್ನು ಗೌರವಿಸುವುದು ಅಂದರೆ ಕೂರಿಸುವುದು ಎಂದು ಅವರು ತಿಳಿದಿದ್ದರು. ಕೂರುವುದಕ್ಕೆ ನಮ್ಮ ಮನೆಯಲ್ಲೇ ಕುರ್ಚಿ ಇದೆ, ಅಲ್ವಾ?

ಆಸ್ಪತ್ರೆಯವರು ಬೇಡ ಅಂದಾಗ ಬಂದ ಸಿಟ್ಟಿಗಿಂತ ಇದು ಹೆಚ್ಚು ನೋಯಿಸಿತು. ಅಲ್ಲಿ ನನ್ನಿಂದ ಕೆಲಸವಾದರೂ ಆಗಿತ್ತು. ಇಲ್ಲಿ ನನ್ನ ಒಂಟಿತನ ಕಳೆಯಲಿ ಅಂತ ನನಗೆ ಜಾಗ ಕೊಟ್ಟಿದ್ದರು. ಒಂಟಿತನ ಹಾಗೆ ಹೋಗುವುದಿಲ್ಲ ಮಾನ್ಯರೇ. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಿರಿಯರನ್ನು, ನೀವು ಸ್ವಯಂಸೇವೆ ಮಾಡುವುದು ಯಾಕೆ ಎಂದು ಕೇಳಿದರು. ನಾಲ್ಕು ವರ್ಷದ ನಂತರ ಯಾರು ಬದುಕಿದ್ದಾರೆ ಎಂದು ನೋಡಿದರು. ಬೇರೆಯವರಿಗೆ ಸಹಾಯ ಆಗಲಿ ಎಂದು ಮಾಡಿದವರಲ್ಲಿ ಸಾವಿನ ಅಪಾಯ ಕಡಿಮೆ ಇತ್ತು. ತಮಗೆ ಒಳ್ಳೆಯದಾಗಲಿ, ತಮ್ಮ ಚಿಂತೆ ಮರೆಯಲಿ ಎಂದು ಮುಖ್ಯವಾಗಿ ತಮಗಾಗಿ ಮಾಡಿದವರಿಗೂ ಏನೂ ಮಾಡದವರಿಗೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ಒಳ್ಳೆಯ ತಮಾಷೆ ನೋಡಿ. ಆರೋಗ್ಯಕ್ಕಾಗಿ ಮಾಡಿದರೆ ಆರೋಗ್ಯ ಸಿಗುವುದು ಕಷ್ಟ. ಹಾಗಿರುವಾಗ "ಹಿರಿಯರೇ ಬನ್ನಿ, ನಿಮ್ಮ ಆರೋಗ್ಯಕ್ಕೆ ಒಳ್ಳೆಯದು" ಎಂದು ಫಲಕ ಹಾಕುವ ಬದಲು, "ನಮಗೆ ಈ ಕೆಲಸಕ್ಕೆ ಜನ ಬೇಕು" ಎಂದು ಹಾಕಿ. ನಾವು ಬರುತ್ತೇವೆ.

ಇದಕ್ಕೆ ಪೂರ್ತಿ ಉಲ್ಟಾ ಆದ ತಪ್ಪೂ ಇದೆ. ನನ್ನ ಗೆಳತಿಯೊಬ್ಬಳು ಗಂಡ ತೀರಿಕೊಂಡ ಮೇಲೆ ಒಂದು ಸೇವಾಸಂಸ್ಥೆಗೆ ಸೇರಿದಳು. ಒಪ್ಪಿದ್ದು ವಾರಕ್ಕೆ ಒಂದು ದಿನ. ಅವಳು ಇಲ್ಲ ಅನ್ನುವವಳಲ್ಲ ಎಂದು ಅವರಿಗೆ ಬೇಗ ತಿಳಿಯಿತು. ಒಂದು ದಿನ ಎರಡಾಯಿತು, ಎರಡು ಐದಾಯಿತು. ಸಂಬಳದ ನೌಕರರೊಬ್ಬರು ಬಿಟ್ಟು ಹೋದಾಗ ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲೇ ಇಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಎತ್ತಿ ಇಡುವುದೂ ಅವಳ ಪಾಲಿಗೆ ಬಂತು. ಸೊಂಟ ನೋವು ಶುರುವಾಗಿ ಅವಳು ಬಿಟ್ಟ ದಿನ, "ಹೀಗೆ ಮಧ್ಯದಲ್ಲಿ ಬಿಟ್ಟರೆ ಹೇಗೆ?" ಎಂದು ಕೇಳಿದರಂತೆ. ಅವಳು ಮತ್ತೆ ಎಲ್ಲಿಗೂ ಸೇವೆಗೆ ಹೋಗಿಲ್ಲ.

ಎಷ್ಟು ಗಂಟೆ ಸಾಕು ಅನ್ನುವುದರಲ್ಲಿ ಸಂಶೋಧಕರಲ್ಲೇ ಒಮ್ಮತ ಇಲ್ಲ. 1999ರ ಒಂದು ಅಧ್ಯಯನದಲ್ಲಿ ವರ್ಷಕ್ಕೆ 40 ಗಂಟೆಗಿಂತ ಕಡಿಮೆ ಮಾಡಿದವರಿಗೇ ಲಾಭ ಕಂಡಿತ್ತು. ಬೇರೆಯವರು 100 ಗಂಟೆ ಅನ್ನುತ್ತಾರೆ. ಆದರೆ ಮಾಡಿದಷ್ಟೂ ಒಳ್ಳೆಯದು ಅಂತ ಮಾತ್ರ ಈ ಲೆಕ್ಕಗಳು ಹೇಳುವುದಿಲ್ಲ. ಆ 1999ರ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ ಮಾತು ಇನ್ನೊಂದಿತ್ತು. ಗೆಳೆಯರು, ನೆಂಟರು ಎಂದು ಹೆಚ್ಚು ಒಡನಾಟ ಇಲ್ಲದವರಿಗೆ ಸೇವೆಯಿಂದ ಆದ ಲಾಭ ಹೆಚ್ಚು. ಅಂಥವರು ತಾವಾಗಿ ನಿಮ್ಮ ಬಾಗಿಲಿಗೆ ಬರುವುದು ಕಡಿಮೆ. ಯಾರೋ ಹೋಗಿ ಕರೆಯಬೇಕು. ಬಂದ ಮೇಲೆ ವಯಸ್ಸಿನ ಕಾರಣಕ್ಕೆ ವಾಪಸ್ ಕಳಿಸಿದರೆ ಅವರು ಇನ್ನೊಂದು ಬಾಗಿಲು ತಟ್ಟುವುದಿಲ್ಲ.

ಎಲ್ಲ ಹಿರಿಯರೂ ಸೇವೆ ಮಾಡಲೇಬೇಕು ಎಂದು ನಾನು ಹೇಳುತ್ತಿಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾ, ಹಾಸಿಗೆ ಹಿಡಿದ ಗಂಡನನ್ನೋ ಅಕ್ಕನನ್ನೋ ಆರೈಕೆ ಮಾಡುತ್ತಾ ಇರುವವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರು ಮಾಡುತ್ತಿರುವುದೇ ದೊಡ್ಡ ಕೆಲಸ. ಇಷ್ಟು ವರ್ಷ ದುಡಿದಿದ್ದೇನೆ, ಇನ್ನು ಸುಮ್ಮನೆ ಇರುತ್ತೇನೆ ಅನ್ನುವವರಿಗೂ ಆ ಹಕ್ಕಿದೆ. ಬೇಡ ಅನ್ನುವುದು ನಮ್ಮ ಬಾಯಿಂದ ಬರಬೇಕು. ನಮ್ಮ ಪರವಾಗಿ ನೀವು ಹೇಳಬಾರದು, ಅಷ್ಟೇ.

ಇದು ಕೃಪೆಗಾಗಿ ಕೇಳುತ್ತಿರುವ ಮಾತೂ ಅಲ್ಲ. ವಿಶ್ವಸಂಸ್ಥೆಯ ಮಹಾಸಭೆ 1991ರ ಡಿಸೆಂಬರ್ 16ರಂದು ಹಿರಿಯರಿಗಾಗಿ 18 ತತ್ವಗಳನ್ನು ಒಪ್ಪಿಕೊಂಡಿತು. ಸಮಾಜಕ್ಕೆ ಸೇವೆ ಸಲ್ಲಿಸುವ ಅವಕಾಶಗಳನ್ನು ಹುಡುಕಿಕೊಳ್ಳಲು, ತಮ್ಮ ಆಸಕ್ತಿಗೂ ಶಕ್ತಿಗೂ ಹೊಂದುವ ಕೆಲಸದಲ್ಲಿ ಸ್ವಯಂಸೇವಕರಾಗಲು ಹಿರಿಯರಿಗೆ ಸಾಧ್ಯವಾಗಬೇಕು ಎಂದು ಅದರ ಒಂಬತ್ತನೇ ತತ್ವ ಹೇಳುತ್ತದೆ. ಆಸಕ್ತಿ ಮತ್ತು ಶಕ್ತಿ ಎರಡನ್ನೂ ಅಲ್ಲಿ ಹೇಳಿದ್ದಾರೆ, ಇಷ್ಟೇ ವಯಸ್ಸು ಎಂದು ಮೇಲಿನ ಮಿತಿ ಹಾಕಿಲ್ಲ. ನನ್ನ ಇಮೇಲ್‌ನಲ್ಲಿ ಆಸಕ್ತಿಯ ಮಾತೂ ಇರಲಿಲ್ಲ, ಶಕ್ತಿಯ ಮಾತೂ ಇರಲಿಲ್ಲ, ವಯಸ್ಸು ಒಂದೇ ಇತ್ತು.

ಹಾಗಾಗಿ ನನ್ನ ಮೊದಲ ಕೋರಿಕೆ ಈ ವಯೋಮಿತಿಯ ಬಗ್ಗೆಯೇ. ಅದನ್ನು ತೆಗೆಯಿರಿ. ಅದರ ಬದಲು ಕೆಲಸಕ್ಕೆ ಏನು ಬೇಕು ಎಂದು ಬರೆಯಿರಿ. ಒಂದು ಗಂಟೆ ನಿಲ್ಲಬೇಕೇ, ಮೆಟ್ಟಿಲು ಹತ್ತಬೇಕೇ, ಸಣ್ಣ ಅಕ್ಷರ ಓದಬೇಕೇ? ಬರೆದಿಟ್ಟರೆ ನಮಗೇ ತಿಳಿಯುತ್ತದೆ. ವರ್ಷಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿ, 35ರವರನ್ನೂ 75ರವರನ್ನೂ ಒಂದೇ ಪ್ರಶ್ನೆ ಕೇಳಿ. ನನ್ನಿಂದ ಆಗದ ದಿನ ಬಂದರೆ ಎದುರಿಗೇ ಹೇಳಿ. ಬೇಜಾರಾಗುತ್ತದೆ, ಆದರೆ ಇಮೇಲ್‌ನಷ್ಟು ಆಗುವುದಿಲ್ಲ. ಬಾಗಿಲಲ್ಲಿ ನಿಲ್ಲಲು ಆಗದವರಿಗೆ ಫೋನಿನಲ್ಲಿ ಮಾಡುವ ಕೆಲಸ ಇರಬಹುದು. ಒಂಟಿಯಾಗಿ ಇರುವವರಿಗೆ ದಿನಕ್ಕೊಮ್ಮೆ ಕರೆ ಮಾಡಿ ವಿಚಾರಿಸುವುದಕ್ಕೆ ಮೊಣಕಾಲು ಗಟ್ಟಿ ಇರಬೇಕಿಲ್ಲ.

ವಿಮೆಯೇ ನಿಜವಾದ ಕಾರಣವಾಗಿದ್ದರೆ ಆ ಕಾಗದವನ್ನು ತೋರಿಸಿ. ಯಾವ ಷರತ್ತು, ಯಾವ ವಯಸ್ಸು, ಹೆಚ್ಚು ಕಂತು ಕಟ್ಟಿದರೆ ಆಗುತ್ತದೆಯೇ ಎಂದು ಹೇಳಿ. ಅಂಥ ಕಾಗದಗಳನ್ನು ಓದಿಯೇ ನನ್ನ ಕೆಲಸದ ಬದುಕು ಕಳೆದಿದೆ. ಬೇಕಾದರೆ ನಿಮ್ಮ ಪರವಾಗಿ ನಾನೇ ಕೂತು ಓದುತ್ತೇನೆ, ಅದಕ್ಕೂ ಸಂಬಳ ಬೇಡ.

ಹೋಗಿ ಬರುವ ಖರ್ಚನ್ನು ಕೊಡಿ. ಇದನ್ನು ಬಾಯಿಬಿಟ್ಟು ಕೇಳಲು ನಮ್ಮವರಿಗೆ ಸಂಕೋಚ. ನನಗೆ ಪಿಂಚಣಿ ಬರುತ್ತದೆ, ನಡೆಯುತ್ತದೆ. ಬರದವರು ಎರಡು ತಿಂಗಳು ಬಂದು, ಮೈ ಹುಷಾರಿಲ್ಲ ಎಂದು ಹೇಳಿ ಬಿಟ್ಟುಬಿಡುತ್ತಾರೆ. ನಿಜವಾದ ಕಾರಣ ಏನೆಂದು ನೀವು ಯಾವತ್ತೂ ಕೇಳಿರುವುದಿಲ್ಲ. ಹೀಗಾದರೆ ಕೊನೆಗೆ ಕೈಯಲ್ಲಿ ನಾಲ್ಕು ಕಾಸು ಇರುವವರಿಗೆ ಮಾತ್ರ ಸೇವೆಯ ಭಾಗ್ಯ ಉಳಿಯುತ್ತದೆ.

ಕೆಲಸ ಕೊಡುವ ಮೊದಲು ತರಬೇತಿ ಕೊಡಿ, ಗಂಟೆ ಎಷ್ಟು ಎಂದು ಬರೆದು ಕೊಡಿ. ಅದಕ್ಕಿಂತ ಜಾಸ್ತಿ ಬೇಕಾದರೆ ಪ್ರತಿ ಸಲವೂ ಕೇಳಿ. ಇಲ್ಲ ಅಂದರೆ ಮುಖ ಸಣ್ಣದು ಮಾಡಬೇಡಿ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ನಮ್ಮಿಂದ ಮಾಡಿಸಿ ಉಳಿತಾಯ ತೋರಿಸಬೇಡಿ. ನಮ್ಮಿಂದಾಗಿ ಯಾರದೋ ಮಗನ ಕೆಲಸ ಹೋಯಿತು ಎಂದರೆ ಆ ಸೇವೆ ನಮಗೆ ಬೇಡ.

ನಮ್ಮ ಬಗ್ಗೆ ನಿಯಮ ಮಾಡುವ ಸಭೆಯಲ್ಲಿ ನಮ್ಮವರೊಬ್ಬರನ್ನು ಕೂರಿಸಿ. ಅಲ್ಲಿ ಕೂರುವುದಕ್ಕೆ ನಮ್ಮ ಅಡ್ಡಿಯಿಲ್ಲ.

ಈ ಪತ್ರ ಓದಿದ ಮೇಲೆ ನೀವು ಏನೂ ಮಾಡದಿದ್ದರೂ, ನಿಮ್ಮ ಸಂಸ್ಥೆಯ ನಿಯಮದಲ್ಲಿ ಅಂಥದೊಂದು ಸಾಲು ಇದೆಯೇ ಎಂದು ಒಮ್ಮೆ ತೆಗೆದು ನೋಡಿ. ಇದ್ದರೆ, ಅದನ್ನು ಯಾರು, ಯಾವಾಗ, ಯಾಕೆ ಸೇರಿಸಿದರು ಎಂದು ಕೇಳಿ. ಸರಿಯಾದ ಉತ್ತರ ಸಿಕ್ಕರೆ ನನಗೂ ಬರೆದು ತಿಳಿಸಿ, ನಾನು ಸುಮ್ಮನಾಗುತ್ತೇನೆ. ಸಿಗದಿದ್ದರೆ, ಮಂಗಳವಾರ ಮತ್ತು ಶುಕ್ರವಾರದ ಬೆಳಿಗ್ಗೆ ನನಗೆ ಈಗಲೂ ಬಿಡುವಿದೆ.

ಇಂತಿ,
ಬ್ಯಾಡ್ಜ್ ವಾಪಸ್ ಕೊಟ್ಟ ಒಬ್ಬ ಸ್ವಯಂಸೇವಕಿ